ಮೂರು ಅಡಿ ಆಳ

ಚಪ್ಪಾಳೆ ಬಿದ್ದರೆ ಯಾರಿಗೆ ಬೇಡ ಹೇಳಿ? ಕಳೆದ ಮಂಗಳವಾರ ನನಗೂ ಬಿತ್ತು. ಈಗ ಅದನ್ನು ನೆನೆಸಿಕೊಂಡರೆ ಊಟ ಸೇರುತ್ತಿಲ್ಲ.

ಭದ್ರಾವತಿಯ ಆಚೆ ಒಂದು ಗಣಿ ಇದೆ. ಅದಿರು ಮುಗಿಯಿತು, ಕಂಪನಿ ಗಂಟುಮೂಟೆ ಕಟ್ಟಿತು. ಹೊರಡುವ ಮುಂಚೆ ಅಗೆದ ಭೂಮಿಯನ್ನು ಸರಿಮಾಡಿಕೊಡಬೇಕು, ಹೇಗೆ ಸರಿಮಾಡುತ್ತೇವೆ ಅನ್ನುವುದಕ್ಕೆ ಪರ್ಮಿಶನ್ ಪಡೆಯಬೇಕು. ಅದಕ್ಕೇ ಶಿವಮೊಗ್ಗದಲ್ಲಿ ಜನರ ಅಹವಾಲು ಕೇಳುವ ಸಭೆ. ಕಂಪನಿಯ ಪ್ಲ್ಯಾನ್ ಬಹಳ ಸುಲಭದ್ದು. ಗಣಿಯಿಂದ ತೆಗೆದ ಮಣ್ಣಿನ ಗುಡ್ಡೆ ಇದ್ದಲ್ಲೇ ಇರಲಿ, ಮೇಲೆ ಅಕೇಶಿಯಾ ನೆಟ್ಟು ಕೈತೊಳೆದುಕೊಳ್ಳೋಣ. (ದೂರದಿಂದ ನೋಡಿದವರಿಗೆ ಹಸಿರಾಗಿ ಕಂಡರೆ ಸಾಕಲ್ಲ!)

ಮಳೆಗಾಲ ಬಂತೆಂದರೆ ಆ ಗುಡ್ಡೆಯ ಮಣ್ಣು ಹಳ್ಳಕ್ಕಿಳಿದು, ಕೆಳಗಿನ ಗದ್ದೆಗಳಿಗೆಲ್ಲ ಕೆಂಪು ಕೆಸರು. ಸುಮ್ಮನೆ ಬಿಡುವುದುಂಟೇ? ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ ಕೂತು, ಪರೀಕ್ಷೆಗೂ ಓದದಷ್ಟು ಓದಿ ರೆಡಿಯಾದೆ.

ಜೊತೆಗೆ ನನ್ನ ಸೋದರಮಾವ ಬಂದಿದ್ದರು. ಗಣಿಗೆ ಲೀಸಿಗೆ ಹೋದ ಜಮೀನಿನಲ್ಲಿ ಅವರದೂ ಒಂದಿಷ್ಟಿದೆ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ವಾಸ, ಮುಂದಿನ ವರ್ಷ ರಿಟೈರ್ ಆಗುತ್ತಾರೆ. ಸಭೆ ಅಂದರೆ ಮಾರು ದೂರ ಓಡುವ ಮನುಷ್ಯ ಈ ಸಲ ಮಾತ್ರ "ನಾನೂ ಬರ್ತೀನಿ ಕಣೋ" ಅಂದರು. ನನ್ನ ಮಾತು ಕೇಳುವುದಕ್ಕೆ ಅಂದುಕೊಂಡೆ. (ನನ್ನಂಥ ಬರೆಯುವವರಿಗೆ ಹೀಗೆಲ್ಲ ಅನಿಸುವುದುಂಟು.)

ಸಭೆಯಲ್ಲಿ ಚೆನ್ನಾಗಿಯೇ ಮಾತಾಡಿದೆ. ಗುಡ್ಡೆಯನ್ನು ಪೂರ್ತಿ ಎತ್ತಿ ಗಣಿಯ ಗುಂಡಿಗೆ ತುಂಬಬೇಕು. ಗುಡ್ಡೆಯ ಅಡಿಯ ನೆಲ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಅದನ್ನು ಮೂರು ಅಡಿ ಆಳಕ್ಕೆ ಅಗೆದು ಸಡಿಲ ಮಾಡಬೇಕು. ಆಮೇಲೆ ಹೊನ್ನೆ, ಮತ್ತಿ, ಹೊಂಗೆ ನೆಡಬೇಕು. ಮೇಲೆ ಮೇಲೆ ಕೆರೆದರೆ ನಾವು ಒಪ್ಪುವುದಿಲ್ಲ ಅಂದೆ. ಚಪ್ಪಾಳೆಯೋ ಚಪ್ಪಾಳೆ. ಅಧಿಕಾರಿ "ಆಗಲಿ" ಎಂದು ಬರೆಸಿಕೊಂಡರು.

ಆಗ ಹಿಂದಿನ ಸಾಲಿನಿಂದ ಮಾವ ಎದ್ದು ನಿಂತರು. "ಸಾರ್, ಆ ಗುಡ್ಡೆ ಮೂಡಲ ಮೂಲೇಲೂ ಅಷ್ಟೇ ಆಳ ತೆಗೀತೀರಾ?"

"ಒಂದಿಂಚೂ ಕಮ್ಮಿ ಮಾಡಲ್ಲ ಯಜಮಾನ್ರೇ, ಚಿಂತೆ ಬಿಡಿ" ಅಂದರು ಅಧಿಕಾರಿ. ಮತ್ತೆ ಚಪ್ಪಾಳೆ. ಮಾವ ಕೂತರು.

ಮಾವನನ್ನು ಮನೆಗೆ ಬಿಡಲು ಭದ್ರಾವತಿ ಬಸ್ಸು ಹತ್ತಿದ ಮೇಲೆ "ಒಳ್ಳೇ ಪಾಯಿಂಟ್ ಕೇಳಿದ್ರಿ ಮಾವ" ಅಂದೆ. ಅವರು ಕಿಟಕಿಯ ಆಚೆ ನೋಡುತ್ತಲೇ ಹೇಳಿದರು.

"ಆ ಮೂಲೇಲಿ ನಮ್ಮ ಮೊದಲನೇ ಕೂಸು ಇದೆ ಮಾರಾಯ. ನೀನಿನ್ನೂ ಹುಟ್ಟಿರ್ಲಿಲ್ಲ. ಎಳೇ ಕೂಸಿಗೆ ಎಷ್ಟು ಆಳ ತೆಗೀತೀವಿ? ಮೊಣಕಾಲುದ್ದ."

ನನಗೆ ಗೊತ್ತೇ ಇರಲಿಲ್ಲ. ಹೋದ ಕೂಸಿನ ಮಾತನ್ನು ನಮ್ಮ ಮನೆಗಳಲ್ಲಿ ಯಾರು ಎತ್ತುತ್ತಾರೆ? ಲೀಸಿಗೆ ಕೊಡುವಾಗ ಆ ಮೂಲೆ ಅಗೆಯಬೇಡಿ ಅಂದಿದ್ದರಂತೆ. ಕಂಪನಿ ಅಗೆಯಲಿಲ್ಲ, ಗಣಿಯ ಮಣ್ಣು ತಂದು ಅಲ್ಲೇ ಸುರಿಯಿತು. ಗುರುತಿಗೆ ಇಟ್ಟ ಕಲ್ಲೂ ಅಡಿಗೆ ಹೋಯಿತು.

"ಮೇಲೆ ಮಣ್ಣು ಬಿದ್ರೆ ಬೀಳ್ಲಿ, ಕೆದಕಲಿಲ್ವಲ್ಲ ಅಂತ ಸುಮ್ನಿದ್ವಿ" ಅಂದರು ಮಾವ.

"ಸಭೇಲೇ ಹೇಳೋದಲ್ವಾ?"

"ಅಷ್ಟು ಜನದ ಮುಂದೆ ಅದನ್ನ ಹೆಂಗೆ ಹೇಳೋದು? ನೀನು ಬೇರೆ ಖುಷಿಯಾಗಿದ್ದೆ."

"ನಾಳೇನೇ ಅರ್ಜಿ ಕೊಡೋಣ ಮಾವ, ಆ ಮೂಲೆ ಬಿಡಿಸೋಣ."

"ಆ ಮೂಲೆ ಅಗೀದೆ ಬಿಟ್ರೆ ಮರ ಹಿಡಿಯಲ್ಲ, ಮಣ್ಣು ಮತ್ತೆ ಗದ್ದೆಗೇ ಇಳಿಯುತ್ತೆ. ಬೇಡ. ಬದುಕಿರೋರು ಉಣ್ಣೋ ಗದ್ದೆ ಅದು."

ನಾನು ಸಭೆಯಲ್ಲಿ ಹೇಳಿದ್ದು ತಪ್ಪೇ? ಅಲ್ಲ. ಗುಡ್ಡೆ ಹೋಗಲೇಬೇಕು, ಮರ ಬರಲೇಬೇಕು. ಆದರೆ ಹಳ್ಳದ ಪರ, ಗದ್ದೆಯ ಪರ, ಅಂತರ್ಜಲದ ಪರ ಮಾತಾಡಿದವನಿಗೆ, ಜೊತೆಗೇ ಬಂದ ಮಾವನನ್ನು "ನಿಮಗೇನು ಬೇಕು" ಅಂತ ಕೇಳಬೇಕೆನಿಸಲಿಲ್ಲ.

ಕಾಗದನಗರದಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಆಳಕ್ಕೇ ತೆಗೀತಾರಂತೆ" ಅಂದ ಮಾವ ಒಳಗೆ ಹೋಗಿಬಿಟ್ಟರು. ಅತ್ತೆ ನನಗೆ ಕಾಫಿ ತಂದಿಟ್ಟರು. ಎದುರಿಗೆ ಕೂತು ಕೇಳಿದರು. "ನೀನೂ ಅಲ್ಲೇ ಇದ್ಯಲ್ಲಪ್ಪ, ಅಷ್ಟು ಆಳ ಬೇಡ ಅಂತ ಒಂದು ಮಾತು ಹೇಳ್ಬಾರದಿತ್ತಾ?"

ಆ ಆಳ ಕೇಳಿ ಪಡೆದವನೇ ನಾನು ಅಂತ ಅತ್ತೆಗೆ ಹೇಗೆ ಹೇಳಲಿ?