ಹಸನಾಕ ಎತ್ತಿಟ್ಟ ಹಳದಿ ನಕ್ಷತ್ರ

ಇಲ್ಲ... ನಂಬುವುದಕ್ಕೇ ಆಗುತ್ತಿಲ್ಲ.
ನಿನ್ನೆ ಸಂಜೆ ತಾನೇ ನನ್ನ ಮಗಳ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟಿದ್ದರು.
"ಇನ್ನೂ ಎರಡು ಇಂಚು ಒಳಗೆ ಉಂಟು ತಂಗೀ, ಬರುವ ವರ್ಷಕ್ಕೂ ಆಗ್ತದೆ" ಅಂದಿದ್ದರು.
ಇವತ್ತು ಬೆಳಿಗ್ಗೆ ಮೆಸೇಜ್...
ಹಾರ್ಟ್ ಅಟ್ಯಾಕ್ ಅಂತೆ... ಹಸನಾಕ ಹೋದರಂತೆ...

ದೋಹಾದ ನಜ್ಮಾ ಪೇಟೆಯಲ್ಲಿ ಬಟ್ಟೆ ಹೊಲಿಸಿದ ನಮ್ಮ ಕಡೆಯವರಿಗೆಲ್ಲ ಹಸನಾಕ ಗೊತ್ತು. ಬಂಟ್ವಾಳದವರು.
ಅವರ ಟೈಲರ್ ಅಂಗಡಿಗೂ ನಾನು ಕೆಲಸ ಮಾಡುವ ಟೈಪಿಂಗ್ ಸೆಂಟರಿಗೂ ನಡುವೆ ಒಂದೇ ಗೋಡೆ.

ಒಂದು ಸಂಗತಿ ಮಾತ್ರ ನಿಮಗೆ ಗೊತ್ತಿರಲಿಕ್ಕಿಲ್ಲ.

ದಕ್ಷಿಣ ಸುಡಾನ್ ಎಂಬ ಹೊಸ ದೇಶ ಹುಟ್ಟಿದ ವಾರ ಅದು.
ಇಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದ ಆ ದೇಶದ ಮಜೋಕ್ ಅಂಗಡಿಗೆ ಬಂದ. ಅವನಿಗೆ ಬಾವುಟ ಬೇಕಿತ್ತು, ಎಲ್ಲೂ ಸಿಕ್ಕಿರಲಿಲ್ಲ... ದೇಶವೇ ಹೊಸತಲ್ಲವೇ!
ನಾನು ಚಿತ್ರ ಪ್ರಿಂಟ್ ತೆಗೆದುಕೊಟ್ಟೆ. ಹಸನಾಕ ಹೊಲಿದರು.
ಕಪ್ಪು, ಕೆಂಪು, ಹಸಿರು, ನಡುವೆ ಬಿಳಿ ಪಟ್ಟಿ... ಬದಿಗೆ ನೀಲಿ ತ್ರಿಕೋನ, ಅದರ ಮೇಲೆ ಹಳದಿ ನಕ್ಷತ್ರ.

ಮಜೋಕ್ ರಸ್ತೆಯಲ್ಲೇ ಬಿಡಿಸಿ ಎತ್ತಿ ಹಿಡಿದ.
ಎದುರಿನಿಂದ ಎಷ್ಟು ಚಂದ!
ಹಿಂದಿನಿಂದ ನೋಡಿದರೆ... ನಕ್ಷತ್ರವೇ ಇಲ್ಲ.

ಜೀವಮಾನವಿಡೀ ಅಂಗಿ ಹೊಲಿದ ಕೈ. ಬಟ್ಟೆ ಎಂದರೆ ಒಂದು ಹೊರಮೈ, ಒಂದು ಒಳಮೈ ಎಂದೇ ಅಭ್ಯಾಸ.
"ಥೋ... ಬಾವುಟಕ್ಕೆ ಎಂತ ಒಳಮೈ ಮಾರಾಯ್ತಿ! ನನ್ನ ತಲೆ ಎಲ್ಲಿತ್ತು?" ಎಂದು ಕೂತುಬಿಟ್ಟರು.
ಹತ್ತು ನಿಮಿಷದಲ್ಲಿ ಸರಿ ಮಾಡುತ್ತೇನೆಂದರೂ ಮಜೋಕ್ ನಿಲ್ಲಲಿಲ್ಲ. ಗೆಳೆಯರು ಕಾಯುತ್ತಿದ್ದರು. "ಮಾಫಿ ಟೈಮ್, ಟೈಮಿಲ್ಲ, ನಾಳೆ ತರ್ತೇನೆ" ಎಂದು ಓಡಿದ.

ಆಮೇಲೆ ಎಷ್ಟೋ ಸಲ ಬಂದ. ಪ್ಯಾಂಟ್ ತಂದ, ಶರ್ಟ್ ತಂದ. ಬಾವುಟ ಮಾತ್ರ ಪ್ರತಿ ಸಲವೂ "ಮರೆತೆ" ಎನ್ನುತ್ತಿದ್ದ.

ಹಸನಾಕ...
ನೀವು ಅವತ್ತೇ ಒಂದು ಹಳದಿ ನಕ್ಷತ್ರ ಕತ್ತರಿಸಿ ಗೋಡೆಗೆ ಪಿನ್ ಮಾಡಿದಿರಿ. ಅದು ಮಾಸಿದಾಗ ಇನ್ನೊಂದು ಕತ್ತರಿಸಿದಿರಿ.
"ಒಂದು ದೇಶದ ಮೊದಲ ಬಾವುಟವನ್ನೇ ಅರ್ಧ ಮಾಡಿ ಕೊಟ್ಟೆ ತಂಗೀ..." ಈ ಮಾತು ಎಷ್ಟು ಸಲ ಕೇಳಿದ್ದೇನೆ ನಾನು!

ಇಲ್ಲೇ ವರ್ಲ್ಡ್ ಕಪ್ ನಡೆದಾಗ ಮೊರಾಕ್ಕೊ ಸೆಮಿಫೈನಲ್ ಮುಟ್ಟಿತಲ್ಲ... ಆಫ್ರಿಕಾದ ಯಾವ ತಂಡವೂ ಅಲ್ಲಿವರೆಗೆ ಹೋಗಿರಲಿಲ್ಲ.
ಕೀನ್ಯಾದವರು, ಘಾನಾದವರು ಕೂಡ ನಿಮ್ಮ ಬಾಗಿಲಲ್ಲಿ ನಿಂತು ಮೊರಾಕ್ಕೊ ಬಾವುಟ ಕೇಳಿದರು.
ಬೆನ್ನು ನೋವು ಎಂದು ಗೊಣಗುತ್ತಲೇ ಒಂದೊಂದಕ್ಕೂ ಎದುರಿಗೊಂದು, ಹಿಂದಕ್ಕೊಂದು ಎಂದು ಎರಡು ಹಸಿರು ನಕ್ಷತ್ರ ಹೊಲಿದಿರಿ.
ಅವತ್ತೂ ಕೇಳಿದಿರಿ, "ಮಜೋಕ್ ಬಾವುಟ ತಂದನಾ?"

ಅವನ ದೇಶದ ಬಾಸ್ಕೆಟ್‌ಬಾಲ್ ತಂಡ ಮೊದಲ ಸಲ ಒಲಿಂಪಿಕ್ಸಿಗೆ ಹೋದಾಗ ನಿಮಗೆ ಆಟ ಕಾಣಲೇ ಇಲ್ಲ.
"ಟೀವಿಯಲ್ಲಿ ನೋಡಿದೆ... ಅವರ ಬಾವುಟಕ್ಕೆ ಎರಡೂ ಕಡೆ ನಕ್ಷತ್ರ ಉಂಟು" ಎಂದು ಮುಖ ಸಣ್ಣ ಮಾಡಿಕೊಂಡಿರಿ.

ಇವತ್ತು ಮಧ್ಯಾಹ್ನ ನಿಮ್ಮ ತಮ್ಮ ಅಂಗಡಿಯ ಶಟರ್ ಅರ್ಧ ಎತ್ತಿದ್ದರು. ಸುದ್ದಿ ಕೇಳಿ ಮಜೋಕ್ ಬಂದ.
ಕೈಯಲ್ಲಿ ಪ್ಲಾಸ್ಟಿಕ್ ಚೀಲ... ಒಳಗೆ ಅದೇ ಬಾವುಟ.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಗೋಡೆಯ ನಕ್ಷತ್ರ ಕಿತ್ತು ಅವನ ಕೈಗೆ ತುರುಕಿದೆ. "ಈಗ ತಂದೆಯಾ? ಇನ್ನು ಯಾರ ಹತ್ತಿರ ಹೊಲಿಸ್ತೀ?"

ಅವನು ಬಾವುಟದ ಹಿಂಬದಿ ತೋರಿಸಿದ.
ನೀಲಿ ಬಟ್ಟೆಯ ಮೇಲೆ, ಎದುರಿನ ನಕ್ಷತ್ರ ಕೂರಿಸಿದ ಹಳದಿ ದಾರದ ಸಣ್ಣ ಸಣ್ಣ ಹೊಲಿಗೆ... ಐದೂ ಮೂಲೆ... ಪೂರಾ ನಕ್ಷತ್ರ.
ಅವತ್ತಿನ ಗಡಿಬಿಡಿಯಲ್ಲಿ ನಾವು ಸರಿಯಾಗಿ ನೋಡಿಯೇ ಇರಲಿಲ್ಲ.

"ಮರೆತದ್ದಲ್ಲ ಸಿಸ್ಟರ್. ಮೇಲೆ ಬಟ್ಟೆ ಹಾಕಿದ್ರೆ ಅವರ ಹೊಲಿಗೆ ಮುಚ್ಚಿಹೋಗ್ತದೆ. ನನಗೆ ಈ ಬದಿಯೇ ಇಷ್ಟ. ಸರಿ ಮಾಡ್ತೇನೆ ಅಂತ ಅಷ್ಟು ಆಸೆಯಿಂದ ಹೇಳ್ತಿದ್ರು... ಬೇಡ ಅಂತ ಹೇಗೆ ಹೇಳ್ಲಿ?"

ಹೇಳಬೇಕಿತ್ತು ಮಜೋಕ್... ಒಂದೇ ಒಂದು ಸಲ ಹೇಳಬೇಕಿತ್ತು.

ದಫನ ನಾಳೆ. ಹೊರುವುದಕ್ಕೆ ಅವನೂ ಬರುತ್ತಾನೆ.

ಹಸನಾಕ, ನೀವು ಅರ್ಧ ಕೊಟ್ಟಿರಲಿಲ್ಲ.
ಇನ್ನು ಆ ಚಿಂತೆ ಬಿಟ್ಟು ಹಾಯಾಗಿ ಮಲಗಿ...
ಮೇಲಿನವನು ನಿಮ್ಮ ಜೀವವನ್ನು ತಣ್ಣಗಿಡಲಿ...