ವರಾಂಡದ ಮೇನ್ ಸ್ವಿಚ್ಚು

ಕಳೆದ ವಾರ ತುಡಿಯಲೂರಿನ ಪೇಂಟ್ ಅಂಗಡಿಯಲ್ಲಿ ಯಾರೋ ಬಣ್ಣಕ್ಕೆ ಬೆರೆಸುವ ತಿನ್ನರ್ ಡಬ್ಬಿ ತೆರೆದರು. ಆ ವಾಸನೆ ಮೂಗಿಗೆ ಬಡಿದದ್ದೇ, ಬಣ್ಣ ಕೊಳ್ಳದೆಯೇ ಹೊರಗೆ ಬಂದುಬಿಟ್ಟೆ…

ಕೊಯಮತ್ತೂರಿನ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿದಾಗ ನನಗೆ ಗೈಡ್ ಆಗಿದ್ದವರು ಮೇಡಂ. ಅವಿನಾಶಿ ಕಡೆಯ ಕನ್ನಡದ ಮನೆಯವರು. ಕನ್ನಡ ಅಕ್ಷರ ಬಾರದು; ನಾವಿಬ್ಬರೇ ಇದ್ದಾಗ ಮಾತ್ರ ಮನೆಯ ಕನ್ನಡ ಆಡುತ್ತಿದ್ದರು.

ಎಣ್ಣೆಯನ್ನು ಒಡೆಯುವ ಕಿಣ್ವವೊಂದನ್ನು ನಾವು ಹೆಕ್ಸೇನ್ ಎಂಬ ಪೆಟ್ರೋಲಿನಂಥ ದ್ರಾವಕದಲ್ಲಿ ದುಡಿಸಬೇಕಿತ್ತು. ನೀರಿಲ್ಲದೆ ಕಿಣ್ವ ಸೆಟೆದು ನಿಂತುಬಿಡುತ್ತದೆ. ಅದಕ್ಕೇ ಸೋಪಿನಂಥದೊಂದು ವಸ್ತು ಬೆರೆಸುತ್ತಿದ್ದೆವು. ಅದರ ಅಣುಗಳು ಕಣ್ಣಿಗೆ ಕಾಣದ ನೀರಹನಿಯೊಂದನ್ನು ಸುತ್ತುವರಿದು ಕಾಯುತ್ತವೆ. ಕಿಣ್ವ ಅದರೊಳಗೆ ಬದುಕುತ್ತದೆ. "ನೀರು ಜಾಸ್ತಿ ಆದ್ರೂ ಸೋಮಾರಿ ಆಗ್ತದೆ, ಕಮ್ಮಿ ಆದ್ರೂ ಅಷ್ಟೇ. ಅಳತೆ ಮುಖ್ಯಂ ಮಾ" ಎನ್ನುತ್ತಿದ್ದರು ಮೇಡಂ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹೊಗೆ ಎಳೆಯುವ ಫ್ಯಾನು ನಿಂತಿತು. ಬೆಚ್ಚಿದ ನನ್ನ ಕೈಯಿಂದ ಹೆಕ್ಸೇನ್ ಬಾಟಲಿ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಮೂಲೆಯಲ್ಲಿ ಹಳೆಯ ಫ್ರಿಜ್ಜಿತ್ತು. ಕರೆಂಟು ಬಂದಾಗ ಅದರಲ್ಲಿ ಒಂದು ಕಿಡಿ ಹಾರಿದರೆ ಸಾಕು, ಕೋಣೆ ತುಂಬಿದ ಆವಿ ಹೊತ್ತಿಕೊಳ್ಳುತ್ತಿತ್ತು.

"ವರಾಂಡದಾಗೆ ಮೇನ್ ಆಫ್ ಮಾಡು ಮಾ. ಬೇಗ, ಸೀಕ್ರಂ. ನಾ ಕಿಟಕಿ ತೆಗೀತೀನಿ" ಎಂದರು ಜೊತೆಗಿದ್ದ ಮೇಡಂ.

ಓಡಿದೆ. ಮೇನ್ ಸ್ವಿಚ್ಚಿನ ಮುಂದೆಯೇ ಹಾದು ಓಡಿದೆ, ಕೈ ಚಾಚಲಿಲ್ಲ. ಮೆಟ್ಟಿಲಿಳಿದು ಸೈಕಲ್ ಸ್ಟ್ಯಾಂಡಿನಲ್ಲಿ ನಿಂತಾಗಲೇ ನಾನು ಮಾಡಿದ್ದೇನೆಂದು ತಿಳಿದದ್ದು. ಆದರೂ ಹಿಂದಿರುಗಲಿಲ್ಲ. ಕರೆಂಟು ಬಂದು ಎದುರಿನ ಕಟ್ಟಡದಲ್ಲಿ ದೀಪ ಹತ್ತಿತು. ಕಣ್ಣು ಮುಚ್ಚಿಕೊಂಡೆ…

ಸದ್ದಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮೇಡಂ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತ ಇಳಿದು ಬಂದರು. ನನ್ನ ಹೆಜ್ಜೆ ವರಾಂಡದಲ್ಲಿ ಎಲ್ಲೂ ನಿಲ್ಲಲಿಲ್ಲವೆಂದು ಕಿವಿಯಲ್ಲೇ ಅರಿತು, ಅವರೇ ಹೊರಬಂದು ಮೇನ್ ಇಳಿಸಿದ್ದರು.

"ಮೇಡಂ, ನಾನು…"

"ಗೊತ್ತಾಯ್ತು ಮಾ. ನಂಗೂ ಭಯಾನೇ. ದಿನಾ ಆ ಬಾಗಿಲು ತೆಗೆಯೋವಾಗ ಭಯಾನೇ."

ಮೇಡಂ ಇದನ್ನು ಯಾರಿಗೂ ಹೇಳಲಿಲ್ಲ. ಮರುದಿನ ಮಾತ್ರ ನನ್ನನ್ನು ಸ್ವಿಚ್ಚಿನ ಎದುರು ನಿಲ್ಲಿಸಿ, ಹತ್ತು ಸಲ ಇಳಿಸಿ ಏರಿಸು ಎಂದರು. ಪಕ್ಕದಲ್ಲೇ ನಿಂತು ಎಣಿಸಿದರು.

ಹೋದ ವರ್ಷ ಅವರು ಮೆಟ್ಟುಪಾಳ್ಯದಲ್ಲಿ ತೀರಿಕೊಂಡರು. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಎಲ್ಲ ಮುಗಿದು ಹದಿನೈದು ದಿನವಾಗಿತ್ತು. ನಾನೀಗ ತಿರುಪ್ಪೂರಿನಲ್ಲಿ, ಬನಿಯನ್ ಬಟ್ಟೆಯನ್ನು ಕಿಣ್ವದಿಂದ ನಯಗೊಳಿಸುವ ಕಾರ್ಖಾನೆಯ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಕೈಕೆಳಗೆ ಮೂವರು ಹೆಣ್ಣುಮಕ್ಕಳಿದ್ದಾರೆ. ಕರೆಂಟು ಹೋದಾಗಲೆಲ್ಲ ಅವರು ನನ್ನ ಮುಖ ನೋಡುತ್ತಾರೆ. ಅಂದು ಓಡಿದವಳು ಇನ್ನೊಮ್ಮೆ ಓಡುವುದಿಲ್ಲವೆಂಬ ನಂಬಿಕೆ ನನಗಿನ್ನೂ ಬಂದಿಲ್ಲ. ಅದನ್ನು ಹೇಳಿಕೊಳ್ಳಬಹುದಾಗಿದ್ದವರು ಮೇಡಂ ಒಬ್ಬರೇ…