ತೊಳೆದಿಟ್ಟ ಮನೆ

ಮಳೆಗೆ ನಗರದ ರಾಜಕಾಲುವೆ ಉಕ್ಕಿ ಹೊರಮಾವಿನ ತಗ್ಗಿನ ಬೀದಿಗಳಿಗೆ ನುಗ್ಗಿದ್ದ ನೀರು ಇಳಿದ ಮೇಲೆ, ಮನೆಗಳ ಹಾನಿ ಅಂದಾಜು ಮಾಡಲು ಬಂದ ಪಾಲಿಕೆಯ ಎಂಜಿನಿಯರ್ ಜೊತೆ ಪತ್ರಿಕೆಯ ವರದಿಗಾಗಿ ನಾನೂ ಸುತ್ತುತ್ತಿದ್ದೆ. ಗೋಡೆಯ ಮೇಲೆ ನೀರು ಬಿಟ್ಟುಹೋದ ಕೆಸರಿನ ಗೆರೆಯನ್ನು ಅವರು ಟೇಪು ಹಿಡಿದು ಅಳೆಯುತ್ತಿದ್ದರು, ಕೆಟ್ಟ ಸಾಮಾನಿನ ಫೋಟೊ ತೆಗೆಯುತ್ತಿದ್ದರು. ಪರಿಹಾರಕ್ಕೆ ಇವೆರಡೇ ಆಧಾರ.

ಸಾಲುಮನೆಗಳ ಕೊನೆಯ ಕೋಣೆಯಲ್ಲಿ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬರು ಬಾಡಿಗೆಗಿದ್ದರು. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೋಗುವವರು. ಬಾಗಿಲಲ್ಲಿ ರಂಗೋಲಿ, ಒಳಗೆ ಫಿನೈಲ್ ವಾಸನೆ. ಗೋಡೆ ಬೆಳ್ಳಗಿತ್ತು.

"ಗೆರೆ ಎಲ್ಲಮ್ಮಾ?" ಎಂದರು ಎಂಜಿನಿಯರ್.

"ತಿಕ್ಕಿ ಸುಣ್ಣ ಹೊಡದೀನ್ರಿ ಸಾಹೇಬ್ರ. ನೀರು ಇಲ್ಲೀತನಕ ಬಂದಿತ್ತು." ಆಕೆ ಸೊಂಟ ಮುಟ್ಟಿ ತೋರಿಸಿದರು.

"ಹಾಸಿಗೆ, ರೇಷನ್ನು?"

"ನಾತ ಹೊಡೀತಿತ್ರಿ. ಎಲ್ಲಾ ಕಸದ ಗಾಡಿಗಿ ಹಾಕಿದ್ವಿ."

"ಒಂದು ಫೋಟೊನಾದ್ರೂ ತೆಗೆದಿಟ್ಕೋಬಾರ್ದಾ?"

"ಮೊಬೈಲೂ ನೀರಾಗ ಹೋತ್ರಿ."

ಜೊತೆಗೆ ಬಂದಿದ್ದ ಮನೆಯ ಮಾಲೀಕರು, ಇದೇ ಊರಿನ ಹಳಬರು, ನಕ್ಕುಬಿಟ್ಟರು: "ಏನಮ್ಮಾ, ಸರ್ವೆಯವ್ರು ಬರ್ತಾರೆ ಅಂದ್ರೆ ಬೀಗರು ಬರೋ ಥರ ರೆಡಿ ಮಾಡ್ಬಿಟ್ಟಿದ್ದೀಯಲ್ಲ!"

"ಹೊಲಸು ಮನಿಗಿ ಹ್ಯಾಂಗ ಕರೀಬೇಕ್ರೀ ಅಣ್ಣಾರ?"

ಎಂಜಿನಿಯರ್ ಕಲ್ಲುಮನಸ್ಸಿನವರಲ್ಲ. ಬಾಗಿಲ ಹಿಂದೆ, ಕಿಟಕಿಯ ಕೆಳಗೆ, ಶೆಲ್ಫಿನ ಸಂದಿಯಲ್ಲಿ ಟಾರ್ಚು ಬಿಟ್ಟು ಹುಡುಕಿದರು. ಆಕೆ ಸಂದಿಯನ್ನೂ ಬಿಟ್ಟಿರಲಿಲ್ಲ. ನೀರು ಬಂದಿದ್ದು ನಿಜವೆಂದು ಮಾಲೀಕರೂ ಹೇಳಿದರು. ಆದರೆ ಬಾಯಿಮಾತನ್ನು ಬರೆದುಕೊಳ್ಳಲು ಅವಕಾಶವಿರಲಿಲ್ಲ. 'ಹಾನಿ ಕಂಡುಬಂದಿಲ್ಲ' ಎಂದು ಎಂಜಿನಿಯರ್ ಬರೆದರು.

"ಹಂಗಾರ ನಮಗ ಏನೂ ಇಲ್ಲೇನ್ರಿ?" ಆಕೆ ಕೇಳಿದರು. ಆ ಹಣದಲ್ಲೇ ಹಾಸಿಗೆ, ಜೋಳ ತರುವುದೆಂದು ಅವರು ಲೆಕ್ಕ ಹಾಕಿದ್ದರು. ಎಂಜಿನಿಯರ್ ಟೇಪು ಸುತ್ತಿಕೊಂಡರು. ಮರುದಿನ ಪತ್ರಿಕೆಯಲ್ಲಿ ಆ ಬೀದಿಯ ಸುದ್ದಿ ಬಂತು. ಹಾನಿಯಾದ ಮನೆಗಳ ಪಟ್ಟಿಯಲ್ಲಿ ಆ ಕೋಣೆ ಇರಲಿಲ್ಲ. ಅಷ್ಟು ಶುಭ್ರವಾದ ಮನೆಯನ್ನು ನೆನೆದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಅಂದು ನಾವು ಆ ಕೋಣೆಯಿಂದ ಹೊರಬಂದಾಗ ಎದುರುಮನೆಯ ಹೆಂಗಸು ಗೋಡೆಗೆ ಎರಚಲು ಬಕೆಟ್ ಎತ್ತಿದ್ದರು.

"ಅಕ್ಕಾ, ತೊಳೀಬ್ಯಾಡ!" ಈಕೆ ಹೊಸ್ತಿಲಿನಿಂದಲೇ ಕೂಗಿದರು. "ಕೆಸರು ಹಂಗೇ ಇರ್ಲಿ. ಸಾಹೇಬ್ರು ನಿಮ್ಮ ಮನಿಗೇ ಬರ್ಲತ್ತಾರ!"

ಆ ಹೆಂಗಸು ಬಕೆಟ್ ಕೆಳಗಿಟ್ಟರು. ಗೋಡೆಯ ಮೇಲೆ ಗೆರೆ ದಪ್ಪಗೆ ಕಾಣುತ್ತಿತ್ತು. ಎಂಜಿನಿಯರ್ ಮತ್ತೆ ಟೇಪು ಬಿಚ್ಚಿದರು.